ಸೈಬರ್ ಕಿರುಕುಳ: ಹದಿಹರೆಯದವರಲ್ಲಿ

ಮೊಬೈಲು, ಕಂಪ್ಯೂಟರು ಮೊದಲಾದ ಸಾಧನಗಳ ಮುಖಾಂತರ ಒಬ್ಬ ಬಾಲಕನನ್ನೋ ಬಾಲಕಿಯನ್ನೋ ಸಮವಯಸ್ಕರು ಬೇಕೆಂದೇ, ಮೇಲಿಂದ ಮೇಲೆ ಅವಮಾನಿಸುವುದಕ್ಕೂ ಬೆದರಿಸುವುದಕ್ಕೂ ಬಳಗದಿಂದ ಹೊರದೂಡುವುದಕ್ಕೂ ಸೈಬರ್ ಕಿರುಕುಳವೆಂಬ ಹೆಸರು ಸಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಆಡುಮಾತಿನಲ್ಲಿ ಕೀಟಲೆಗೆ ‘ಚಾಷ್ಟಿ’ ಎನ್ನುವುದುಂಟು. ಆ ಮಾತಿನೊಳಗೆ ಸಲಿಗೆಯಿದೆ, ನಗೆಯಿದೆ, ಇಂದು ಆಡಿಸಿಕೊಂಡವನು ನಾಳೆ ಆಡಿಸುವವನಾಗಬಲ್ಲನೆಂಬ ಸರಿಸಮಾನತೆಯಿದೆ. ಈ ಮೂರೂ ಅಳಿದುಹೋದ ಮೇಲೂ ಹಿರಿಯರು ಕಿರುಕುಳವನ್ನು ಚಾಷ್ಟಿಯೆಂದೇ ಕರೆದು ಸುಮ್ಮನಾಗುತ್ತಿರುವುದು ಈ ವಿಷಯದ ಚರಿತ್ರೆಯಲ್ಲಿ ಅತ್ಯಂತ ದುಃಖಕರವಾದ ಅಂಶವೆನ್ನಬೇಕು.

ಶಾಲಾಮಕ್ಕಳ ಪರಸ್ಪರ ಪೀಡನೆಯನ್ನು ಶಾಸ್ತ್ರೀಯ ಅಧ್ಯಯನಕ್ಕೆ ಒಳಪಡಿಸಿದವರಲ್ಲಿ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಅಗ್ರಗಣ್ಯರು. ದುರುದ್ದೇಶ, ಪುನರಾವೃತ್ತಿ, ಬಲದ ಅಸಮತೆ ಎಂಬ ಮೂರು ಲಕ್ಷಣಗಳಿಂದ ಅವರು ಅದನ್ನು ಗುರುತಿಸಿದರು. 1982ರಲ್ಲಿ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡಾಗ ಆ ದೇಶವು ಎಚ್ಚೆತ್ತು, ಮರುವರ್ಷವೇ ರಾಷ್ಟ್ರವ್ಯಾಪಿಯಾದ ಅಭಿಯಾನವನ್ನು ಕೈಗೊಂಡಿತು. ನಮ್ಮ ರಾಜ್ಯದಲ್ಲಿ ಕರ್ನಾಟಕ ಶಿಕ್ಷಣ ಅಧಿನಿಯಮ, 1983 ರ‍್ಯಾಗಿಂಗನ್ನು ನಿಷೇಧಿಸಿತಾದರೂ, ಆ ಶಾಸನವು ಜಾರಿಗೆ ಬಂದದ್ದು 1995ರಲ್ಲಿ. ಅದನ್ನು ರಚಿಸಿದವರ ಕಣ್ಣಮುಂದೆ ಇದ್ದುದು ತರಗತಿ, ವಸತಿನಿಲಯಗಳ ಗೋಡೆಗಳೊಳಗಿನ ಪೀಡನೆ. ಗೋಡೆಯಿಲ್ಲದ ಕಾಲವು ಅದರ ಬೆನ್ನಹಿಂದೆಯೇ ಬಂದಿತು.

ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದುದು 2000ದ ಅಕ್ಟೋಬರ್ 17ರಂದು. ದೇಶದ ಮೊತ್ತಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿತು. 2004ರಲ್ಲಿ ಹುಟ್ಟಿದ ಆರ್ಕುಟ್, ತದನಂತರ ಫೇಸ್‌ಬುಕ್ ನಗರದ ವಿದ್ಯಾರ್ಥಿಗಳ ಪಾಲಿಗಿದ್ದುವೇ ಹೊರತು, ಕಬ್ಬಿನ ಗದ್ದೆಗಳ ಈ ಸೀಮೆಯ ಮಕ್ಕಳಿಗೆ ಬಹುಮಟ್ಟಿಗೆ ದೂರದ ಮಾತಾಗಿದ್ದುವು. ಆ ದೂರವನ್ನು ಅಳಿಸಿದ್ದು ಎರಡು ಘಟನೆಗಳು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಇಂಟರ್ನೆಟ್ಟಿನ ಬೆಲೆ ಕುಸಿದದ್ದು ಒಂದು. 2020ರ ಮಾರ್ಚಿನಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಬಾಗಿಲಿಕ್ಕಿದ್ದು ಇನ್ನೊಂದು. ಅದೇ ವರ್ಷ ಸರಕಾರವು ವಿದ್ಯಾಗಮ ಯೋಜನೆಯಡಿ ಮಕ್ಕಳನ್ನು ಇಂಟರ್ನೆಟ್ಟುಳ್ಳ ಮೊಬೈಲಿರುವವರು, ಸಾದಾ ಮೊಬೈಲಿರುವವರು, ಏನೂ ಇಲ್ಲದವರು ಎಂದು ವಿಂಗಡಿಸಿ ಪಾಠಕ್ಕೆ ವ್ಯವಸ್ಥೆ ಮಾಡಬೇಕಾಯಿತು. ಅಲ್ಲಿಯವರೆಗೆ ‘ಓದೋ ಹುಡುಗರಿಗೆ ಮೊಬೈಲ್ ಯಾಕ’ ಎನ್ನುತ್ತಿದ್ದ ಮನೆಗಳಲ್ಲಿ ಅದು ಪಾಟಿ-ಪುಸ್ತಕದ ಸ್ಥಾನಕ್ಕೇರಿತು. ಪಾಠಕ್ಕೆಂದು ಕಟ್ಟಿದ ವಾಟ್ಸಾಪ್ ಗುಂಪಿನ ಪಕ್ಕದಲ್ಲಿ ಮಾಸ್ತರರಿಲ್ಲದ ಮತ್ತೊಂದು ಗುಂಪು ಹುಟ್ಟುವುದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

ಆ ಗುಂಪಿನಲ್ಲಿ ನಡೆಯುವುದೇನೆಂಬುದನ್ನು ಹತ್ತಿರದಿಂದ ನೋಡಬೇಕು. ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಜಾತ್ರೆಯಲ್ಲಿ ತೆಗೆಸಿಕೊಂಡ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದಳೆನ್ನಿ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು, ತರಗತಿಯ ಹುಡುಗನೊಬ್ಬನ ಚಿತ್ರಕ್ಕೆ ಅಂಟಿಸಿ, ಮೇಲೊಂದು ಹಾಡು ಕೂಡಿಸಿ ಹರಿಯಬಿಡುತ್ತಾರೆ. ರಾತ್ರಿ ಊಟದ ಹೊತ್ತಿಗೆ ಅದು ಊರನ್ನೆಲ್ಲ ಸುತ್ತಿ, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದಾಗಿ ಮನೆ ಬಿಟ್ಟೆದ್ದು ಬೇರೆ ಬೇರೆ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಬಂಧುಗಳ ಕೈಯನ್ನೂ ಸೇರುತ್ತದೆ. ಮೊಬೈಲಾದರೂ ಅವಳದಲ್ಲ, ಅಣ್ಣನದು. ಅವನು ಅದನ್ನು ನೋಡುವ ಮುನ್ನ ಅಳಿಸಬೇಕು. ಅಳಿಸಿದರೂ ಪರರ ಕೈಯಲ್ಲಿರುವುದು ಅಳಿಯದು. ‘ಅವ್ವಾ, ಹೊಟ್ಟಿ ನೋಯಾಕತ್ತೈತಿ, ಸಾಲಿಗಿ ಹೋಗೂದಿಲ್ಲ’ ಎಂದು ಮರುದಿನ ಅವಳು ಹೇಳುವ ಮಾತು ಸುಳ್ಳಲ್ಲ. ಅಂತರಂಗದ ಭಯವು ದೇಹದ ನೋವಾಗಿ ಪ್ರಕಟವಾಗುವುದು ಈ ವಯಸ್ಸಿನ ಮಕ್ಕಳಲ್ಲಿ ವೈದ್ಯರು ನಿತ್ಯ ಕಾಣುವ ಸಂಗತಿ.

ನಿದ್ರಾಭಂಗ, ಏಕಾಗ್ರತೆಯ ನಾಶ, ಉದ್ವೇಗ, ಖಿನ್ನತೆ, ತನ್ನ ದೇಹವನ್ನೇ ಗಾಯಗೊಳಿಸಿಕೊಳ್ಳುವ ಪ್ರವೃತ್ತಿ, ಆತ್ಮಹತ್ಯೆಯ ಯೋಚನೆ ಇವು ಈ ಪೀಡನೆಯೊಡನೆ ತಳುಕುಹಾಕಿಕೊಂಡಿರುವುದನ್ನು ನಾನಾ ದೇಶಗಳ ಅಧ್ಯಯನಗಳು ತೋರಿಸಿವೆ. ಪೀಡೆಗೆ ತುತ್ತಾಗಿ ತಾನೂ ಪೀಡಕನಾಗುವ ಬಾಲಕನ ಅವಸ್ಥೆ ಎಲ್ಲರಿಗಿಂತ ಶೋಚನೀಯ. ಹಿಂದಿನ ಕಾಲದ ಪೋರನು ಶಾಲೆಯಲ್ಲಿ ಎಷ್ಟೇ ನೊಂದರೂ ಮನೆಯ ಹೊಸ್ತಿಲು ದಾಟಿದೊಡನೆ ನಿರ್ಭಯನಾಗುತ್ತಿದ್ದನು. ಆ ಹೊಸ್ತಿಲಿನ ರಕ್ಷೆಯೇ ಈಗ ಇಲ್ಲವಾಗಿದೆ. ಅದಕ್ಕಿಂತ ಘೋರವಾದುದು ಮೌನ. ‘ಮನೆಯಾಗ ಗೊತ್ತಾದರ ಸಾಲಿ ಬಿಡಸ್ತಾರ’ ಎಂಬ ಹೆದರಿಕೆ ಬಾಲ್ಯವಿವಾಹವು ಇನ್ನೂ ಪೂರ್ತಿ ತೊಲಗದ ಈ ಭಾಗದಲ್ಲಿ ನಿರಾಧಾರವಲ್ಲ. ಫೋಟೋ ತಿದ್ದಿದವನ ವಿದ್ಯಾಭ್ಯಾಸ ಸಾಗುತ್ತದೆ, ಫೋಟೋದಲ್ಲಿದ್ದವಳದು ನಿಲ್ಲುತ್ತದೆ. ಈ ಅನ್ಯಾಯವನ್ನು ಮನೆತನದ ಮರ್ಯಾದೆಯ ಹೆಸರಿನಲ್ಲಿ ಸಮರ್ಥಿಸುವುದು ಯಾವ ಧರ್ಮಕ್ಕೂ ಒಪ್ಪುವಂಥದಲ್ಲ.

ಸೈಬರ್ ಕಿರುಕುಳವೆಂದೇ ಹೆಸರಿಸುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ತೀವ್ರ ಅವಹೇಳನಕರ ಸಂದೇಶಗಳನ್ನು ಶಿಕ್ಷಾರ್ಹವಾಗಿಸಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು, ವಾಕ್‌ಸ್ವಾತಂತ್ರ್ಯಕ್ಕೆ ಬಾಧಕವೆಂಬ ಕಾರಣದಿಂದ, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆ ನಿರ್ಣಯ ಸಾಧುವಾದುದೇ. ಉಳಿದುವೆಂದರೆ ಅನ್ಯರ ಖಾಸಗಿ ಚಿತ್ರಗಳನ್ನು ಹರಡುವುದರ ವಿರುದ್ಧದ 66ಇ, ಮಕ್ಕಳ ಅಶ್ಲೀಲ ಚಿತ್ರಣದ ವಿರುದ್ಧದ 67ಬಿ, 2012ರ ಪೋಕ್ಸೊ ಕಾಯ್ದೆ ಮುಂತಾದುವು. ತಪ್ಪೆಸಗಿದವನೂ ಹದಿನೆಂಟು ತುಂಬದವನಾದರೆ ವಿಷಯವು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ.

ಕಾನೂನಿಗಿಂತ ಚಿಕಿತ್ಸೆಯ ಚರಿತ್ರೆ ಆಶಾದಾಯಕ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿಯಿತ್ತು ಮನೋರೋಗ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸಿದ ಪ್ರಯೋಗವು, 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದೇ ಸಂಸ್ಥೆ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಯಿಂದ ನರಳುವವರಿಗಾಗಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. ನಿಮ್ಹಾನ್ಸ್ ನೇತೃತ್ವದಲ್ಲಿಯೇ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿ ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿರುವುದನ್ನು ಕಂಡಿತು. ಇದು ಅಗ್ಗದ ಇಂಟರ್ನೆಟ್ಟು ಹಳ್ಳಿಗೆ ಬರುವ ಮುಂಚಿನ ಲೆಕ್ಕವೆಂಬುದನ್ನು ಮರೆಯಲಾಗದು. 2022ರ ಅಕ್ಟೋಬರ್ 10ರಂದು ಉದ್ಘಾಟನೆಗೊಂಡ ಟೆಲಿ-ಮಾನಸ್ ಸೇವೆಯಿಂದಾಗಿ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಹಗಲಿರುಳು ಸಲಹೆ ಪಡೆಯಬಹುದಾಗಿದೆ; ಮಕ್ಕಳಿಗೆ 1098, ಸೈಬರ್ ದೂರಿಗೆ 1930 ಉಂಟು. ಬೀಳಗಿಯ ಹುಡುಗಿಯೂ ಬನಹಟ್ಟಿಯ ನೇಕಾರರ ಓಣಿಯ ಹುಡುಗನೂ ಈ ಯಾವ ಸಂಖ್ಯೆಗೆ ಕರೆಮಾಡುವುದಕ್ಕೂ, ಮನೆಮಂದಿಗೆಲ್ಲ ಸೇರಿ ಇರುವ ಆ ಒಂದೇ ಮೊಬೈಲನ್ನು ಮೊದಲು ಕೇಳಿ ಪಡೆಯಬೇಕು.