ಯಾರಿಗೆ ಸಹಾಯಕಿ? ಎಎನ್‌ಎಂ ನರ್ಸಮ್ಮ ಮತ್ತು ಡಿಗ್ರಿಯ ದಾರಿ

ನಮ್ಮೂರುಗಳಲ್ಲಿ ಅವಳನ್ನು ನರ್ಸಮ್ಮ ಅಂತಾರೆ. ಸರ್ಕಾರದ ಕಡತದಲ್ಲಿ ಅವಳ ಹೆಸರು ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಚುಟುಕಾಗಿ ಎಎನ್‌ಎಂ. ಆಕ್ಸಿಲಿಯರಿ ಅಂದರೆ ಸಹಾಯಕಿ. ಯಾರಿಗೆ ಸಹಾಯಕಿ? ಬಯಲುಸೀಮೆಯಲ್ಲಿ 5000 ಜನಕ್ಕೆ ಒಂದು ಉಪಕೇಂದ್ರ, ಗುಡ್ಡಗಾಡಿನಲ್ಲಿ 3000ಕ್ಕೆ ಒಂದು, ಇದು ಸರ್ಕಾರದ ಲೆಕ್ಕ. ಆ ಉಪಕೇಂದ್ರದಲ್ಲಿ ಡಾಕ್ಟರಿಲ್ಲ. ಸರಿರಾತ್ರಿಯಲ್ಲಿ ಹೆರಿಗೆ ನೋವು ಬಂದರೆ ಜನ ತಟ್ಟುವುದು ಇವಳ ಬಾಗಿಲನ್ನೇ. ಮಗು ಅಡ್ಡ ನಿಂತಿದೆಯೋ ಸರಿಯಾಗಿದೆಯೋ, ಈ ತಾಯಿಯನ್ನು ಇಲ್ಲೇ ಇಟ್ಟುಕೊಳ್ಳಬೇಕೋ ತಾಲ್ಲೂಕು ಆಸ್ಪತ್ರೆಗೆ ಸಾಗಿಸಬೇಕೋ ಎಂದು ತೀರ್ಮಾನ ಮಾಡುವವಳು ಇವಳೊಬ್ಬಳೇ. ತೀರ್ಮಾನ ಮಾಡುವವಳು ಸಹಾಯಕಿ, ಮೇಲೆ ಕೂತು ವರದಿ ಓದುವವರು ಅಧಿಕಾರಿಗಳು!

ಈ ಸಹಾಯಕಿ ಡಿಗ್ರಿ ಪಡೆದ ನರ್ಸ್ ಆಗಬೇಕೆಂದರೆ ದಾರಿ ಯಾವುದು? ಆ ದಾರಿಯನ್ನು ಯಾರು, ಯಾವಾಗ, ಎಲ್ಲಿಂದ ಎಲ್ಲಿಯವರೆಗೆ ಹಾಕಿದರು? ನಾವಿಲ್ಲಿ ಕೆದಕಲು ಹೊರಟಿರುವುದು ಈ ಚರಿತ್ರೆಯನ್ನು. ರಾಜರು ಹೊಡೆದಾಡಿದ ಇಸವಿಗಳನ್ನು ಬಾಯಿಪಾಠ ಮಾಡಿಸುವ ನಮ್ಮ ಪಠ್ಯಪುಸ್ತಕಗಳಲ್ಲಿ ಇದು ಸಿಗುವುದಿಲ್ಲ.

ಎಎನ್‌ಎಂಗೂ ಮೊದಲು ಸೂಲಗಿತ್ತಿ ಇದ್ದಳು. ಉತ್ತರ ಭಾರತದ ಬಹಳ ಕಡೆ ಹೊಕ್ಕುಳಬಳ್ಳಿ ಕತ್ತರಿಸುವುದು, ಮಾಸು ಹೂಳುವುದು ಅಸ್ಪೃಶ್ಯ ಜಾತಿಯ ದಾಯಿಯರ ಪಾಲಿನ ಕೆಲಸ. ಮಗು ಭೂಮಿಗೆ ಬರುವಾಗ ಹಿಡಿಯುವುದಕ್ಕೆ ಆ ಕೈ ಬೇಕು, ಸೂತಕ ಕಳೆದ ಮೇಲೆ ಅದೇ ಕೈ ಹೊಸ್ತಿಲು ದಾಟುವಂತಿಲ್ಲ. ನಮ್ಮ ಕಡೆ ಸೂಲಗಿತ್ತಿಯರು ಹಲವು ಜಾತಿಗಳಿಂದ ಬಂದವರು. ಆದರೆ ರಕ್ತ, ಮೈಲಿಗೆ, ಬಟ್ಟೆ ಒಗೆಯುವುದು ಅಂತ ಬಂದಾಗ ಕೂಗು ಕೇರಿಯ ಕಡೆಗೇ ಬರುತ್ತಿತ್ತು. 1903ರಲ್ಲಿ ವೈಸರಾಯ್ ಕರ್ಜನ್ನನ ಹೆಂಡತಿ ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ಒಂದು ನಿಧಿ ಕಟ್ಟಿ ದಾಯಿಯರಿಗೆ ತರಬೇತಿ ಕೊಡಿಸಲು ಹೊರಟಳು. ಕೈ ತೊಳೆಯುವುದನ್ನು ಕಲಿಸಿದ್ದು ಒಳ್ಳೆಯದೇ ಆಯಿತು. ಆದರೆ ಆ ತರಬೇತಿ ದಾಯಿಯನ್ನು ದಾಯಿಯಾಗಿಯೇ ಉಳಿಸಿತು. ಅವಳ ಕೈಯಲ್ಲಿರುವುದೂ ಒಂದು ವಿದ್ಯೆ, ಅದರ ಮೇಲೆ ಇನ್ನಷ್ಟು ಕಲಿಸಿ ಅವಳನ್ನು ನರ್ಸ್ ಮಾಡೋಣ ಎಂಬ ಮಾತು ಅಲ್ಲಿರಲಿಲ್ಲ.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಇಲ್ಲಿ ನೆನೆಯಬೇಕು. ಸಾವಿರಾರು ಹೆರಿಗೆ ಮಾಡಿಸಿದ ತಾಯಿ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ನಮಗೆ ಸಂತೋಷವೇ. ಆದರೂ ನೋಡಿ, ಈ ದೇಶದಲ್ಲಿ ಸೂಲಗಿತ್ತಿಗೆ ಮುಪ್ಪಿನಲ್ಲಿ ಡಾಕ್ಟರೇಟ್ ಸಿಗಬಹುದು, ವಯಸ್ಸಿನಲ್ಲಿ ಒಂದು ನರ್ಸಿಂಗ್ ಸರ್ಟಿಫಿಕೇಟ್ ಸಿಗಲಾರದು.

ಆಸ್ಪತ್ರೆಯ ನರ್ಸಿಂಗ್ ಬಂದದ್ದು ಬೇರೆ ಬಾಗಿಲಿನಿಂದ. ಮಿಲಿಟರಿ ಆಸ್ಪತ್ರೆ, ಮಿಷನ್ ಆಸ್ಪತ್ರೆ ಅದರ ತವರು. ಕಂಡವರ ಮೈ ಮುಟ್ಟುವ, ಮಲಮೂತ್ರ ಎತ್ತುವ ಕೆಲಸಕ್ಕೆ ಮೇಲ್ಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ. ಬಂದವರಲ್ಲಿ ಕ್ರೈಸ್ತ ಹುಡುಗಿಯರು, ಗಂಡ ಸತ್ತವರು, ದಿಕ್ಕಿಲ್ಲದವರು ಬಹಳ. ಸ್ವಾತಂತ್ರ್ಯ ಬರುವ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 7000 ನರ್ಸುಗಳು, ಅಂದರೆ 43,000 ಜನಕ್ಕೆ ಒಬ್ಬಳು. ಇದು ಭೋರ್ ಸಮಿತಿ 1946ರಲ್ಲಿ ಕೊಟ್ಟ ಲೆಕ್ಕ.

ಈ ಭೋರ್ ಸಮಿತಿಯ ವರದಿಯನ್ನು ನಮ್ಮ ಆರೋಗ್ಯ ವ್ಯವಸ್ಥೆಯ ತಾಯಿಬೇರು ಅಂತ ಎಲ್ಲರೂ ಹೊಗಳುತ್ತಾರೆ. ಹೊಗಳಬೇಕಾದ್ದು ಅದರಲ್ಲಿ ಬೇಕಾದಷ್ಟಿದೆ. ಆದರೆ ನರ್ಸುಗಳನ್ನು ಕಿರಿಯ, ಹಿರಿಯ ಅಂತ ಎರಡು ದರ್ಜೆ ಮಾಡಲು ಹೇಳಿದ್ದೂ ಅದೇ. ಮಿಡಲ್ ಸ್ಕೂಲ್ ಓದಿದವಳು ಕಿರಿಯಳು, ಮೆಟ್ರಿಕ್ ಆದವಳು ಹಿರಿಯಳು. ಇವೆರಡರ ತಲೆಯ ಮೇಲೆ ಡಿಗ್ರಿ. ಅದೇ 1946ರಲ್ಲಿ ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಶುರುವಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾನೂನು ಬಂತು. 1951ರಲ್ಲಿ ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಮೊದಲ ಎಎನ್‌ಎಂ ಶಾಲೆ. ಏಳನೆಯದೋ ಎಂಟನೆಯದೋ ಓದಿದ್ದರೆ ಸಾಕು, ಎರಡು ವರ್ಷ ತರಬೇತಿ. ಹೀಗೆ ಮೊದಲು ಮೇಲಿನ ಬಾಗಿಲು ತೆರೆಯಿತು, ಐದು ವರ್ಷದ ಮೇಲೆ ಕೆಳಗಿನ ಬಾಗಿಲು. ನಡುವೆ ಮೆಟ್ಟಿಲು ಎಲ್ಲಿ ಅಂತ ಕೇಳುವವರು ಇರಲಿಲ್ಲ.

ಎರಡು ದರ್ಜೆಯ ಈ ಬುದ್ಧಿ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕ, ಕೆನಡಾಗಳಲ್ಲಿ ಇಂಥವಳನ್ನು ಪ್ರಾಕ್ಟಿಕಲ್ ನರ್ಸ್ ಅನ್ನುತ್ತಾರೆ. ನಮ್ಮನ್ನು ಆಳುತ್ತಿದ್ದ ಇಂಗ್ಲೆಂಡು, ಭೋರ್ ಸಮಿತಿ ನೇಮಕವಾದ 1943ರಲ್ಲೇ, ತನ್ನ ಕಾನೂನಿನಲ್ಲಿ ಸಹಾಯಕ ನರ್ಸುಗಳಿಗೆ ಬೇರೆ ಪಟ್ಟಿ ಮಾಡಿತು. ಅವರಿಗೆ ಆಮೇಲೆ ಎನ್‌ರೋಲ್ಡ್ ನರ್ಸ್ ಅಂತ ಹೆಸರಾಯಿತು. ಮೂರು ವರ್ಷ ಓದಿದವರದು ರಿಜಿಸ್ಟರು, ಎರಡು ವರ್ಷದವರದು ಬರೀ ಪಟ್ಟಿ. ಯುದ್ಧ ಮುಗಿದು ಆಸ್ಪತ್ರೆಗಳಿಗೆ ಕೈ ಸಾಲದೆ ಬಂದಾಗ ಜಮೈಕಾ, ಬಾರ್ಬಡೋಸ್‌ಗಳಿಂದ ಕಪ್ಪು ಹೆಣ್ಣುಮಕ್ಕಳನ್ನು ಕರೆಸಿಕೊಂಡರು. ರಿಜಿಸ್ಟರ್ಡ್ ನರ್ಸ್ ಆಗುವಷ್ಟು ಓದಿದ್ದವರನ್ನೂ ಎಷ್ಟೋ ಸಲ ಎರಡು ವರ್ಷದ ತರಬೇತಿಗೇ ತಳ್ಳಿದರು. ಎರಡಕ್ಕೂ ಏನು ವ್ಯತ್ಯಾಸ ಅಂತ ಅನೇಕರಿಗೆ ಯಾರೂ ಹೇಳಿರಲಿಲ್ಲ. ದುಡಿದು ತವರಿಗೆ ಹೋದರೆ ಆ ಸರ್ಟಿಫಿಕೇಟಿಗೆ ಅಲ್ಲಿ ಬೆಲೆ ಇಲ್ಲ! 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡು ಆ ಕೆಳದರ್ಜೆಯ ತರಬೇತಿಯನ್ನೇ ನಿಲ್ಲಿಸಲು ಹೊರಟಿತು. ಹಳಬರಿಗೆ ಮೇಲಕ್ಕೇರಲು ಪರಿವರ್ತನೆ ಕೋರ್ಸು ಇಟ್ಟರು. ಸೀಟು ಕಡಿಮೆ, ಕಾಯುವವರು ಜಾಸ್ತಿ. ಅಲ್ಲಿ ಚರ್ಮದ ಬಣ್ಣ ನೋಡಿ ದರ್ಜೆ ಹಂಚಿದರು. ನಮ್ಮಲ್ಲಿ ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳಲಿಲ್ಲ. ಏಳನೇ ಕ್ಲಾಸಿಗೆ ಯಾರ ಮಗಳ ಓದು ನಿಲ್ಲುತ್ತದೆ, ಸೈನ್ಸು ಇಂಗ್ಲಿಷು ಓದಿ ಯಾರ ಮಗಳು ಕಾಲೇಜು ಮೆಟ್ಟಿಲು ಹತ್ತುತ್ತಾಳೆ ಅನ್ನುವುದು ಮೊದಲೇ ತೀರ್ಮಾನವಾಗಿದ್ದ ನಾಡು ಇದು.

ಆದರೂ ಒಂದು ಮಾತು ಒಪ್ಪಬೇಕು. ಏಳನೇ ಕ್ಲಾಸು ಪಾಸಾದ ಬಡ ಹುಡುಗಿಗೆ ಸಂಬಳ, ಸಮವಸ್ತ್ರ, ಗೌರವ ಕೊಟ್ಟ ಸರ್ಕಾರಿ ಕೆಲಸಗಳು ಎಷ್ಟಿದ್ದವು? ಎಎನ್‌ಎಂ ಅಂಥದ್ದೊಂದು. ಕೇರಿಯ ಹೆಣ್ಣುಮಗಳು ಬಿಳಿ ಸೀರೆ ಉಟ್ಟು ಊರಗೌಡರ ಮನೆಯೊಳಗೆ ಹೋಗಿ ಬಾಣಂತಿಯ ನಾಡಿ ಹಿಡಿದದ್ದು ಸಣ್ಣ ಬದಲಾವಣೆಯಲ್ಲ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದವರೂ ಇದ್ದರು. ಜ್ವರ ಏರಿದಾಗ ಒಳಗೆ ಕರೆದರು.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಎಎನ್‌ಎಂ ಹೆಸರನ್ನು ಮಹಿಳಾ ಆರೋಗ್ಯ ಕಾರ್ಯಕರ್ತೆ ಅಂತ ಬದಲಾಯಿಸಲು ಹೇಳಿತು. ಬಹೂದ್ದೇಶ ಕಾರ್ಯಕರ್ತೆ! ಉದ್ದೇಶ ಬಹಳವಾಯಿತು, ಕಾರ್ಯಕರ್ತೆ ಒಬ್ಬಳೇ ಉಳಿದಳು. 1977ರಲ್ಲಿ ತರಬೇತಿಯನ್ನು ಹದಿನೆಂಟು ತಿಂಗಳಿಗೆ ಇಳಿಸಿ, ಸೇರಲು ಮೆಟ್ರಿಕ್ ಬೇಕು ಅಂದರು. ಕುಟುಂಬ ಯೋಜನೆಯ ಟಾರ್ಗೆಟ್ಟು ಆ ದಿನಗಳಲ್ಲಿ ಇವಳ ತಲೆ ತಿಂದದ್ದನ್ನು ಬರೆಯಲು ಇನ್ನೊಂದು ಲೇಖನವೇ ಬೇಕು. ಎಷ್ಟು ಆಪರೇಷನ್ ಕೇಸು ತಂದೆ ಎಂಬುದರ ಮೇಲೆ ಅವಳ ಯೋಗ್ಯತೆಯನ್ನು ಅಳೆದರು. ಆ ಟಾರ್ಗೆಟ್ಟು ತೆಗೆದದ್ದು 1996ರಲ್ಲಿ. ಹೆರಿಗೆ ಮಾಡಿಸುವ ಕೈಚಳಕ, ರೋಗಿಯ ಮುಖ ನೋಡಿ ಅಪಾಯ ತಿಳಿಯುವ ಕಣ್ಣು ಯಾವ ರಿಜಿಸ್ಟರಿನಲ್ಲೂ ದಾಖಲಾಗಲಿಲ್ಲ.

ಮೇಲಕ್ಕೇರಲು ಅವಳಿಗಿದ್ದ ಒಂದು ದಾರಿ ಪ್ರೊಮೋಷನ್ ತರಬೇತಿ. ಐದು ವರ್ಷ ದುಡಿದವಳು ಆರು ತಿಂಗಳ ತರಬೇತಿ ಪಡೆದು ಎಲ್‌ಎಚ್‌ವಿ, ಅಂದರೆ ಹಿರಿಯ ಆರೋಗ್ಯ ಸಹಾಯಕಿ ಆಗಬಹುದು. ಸಹಾಯಕಿಯೇ, ಹಿರಿಯ ಸಹಾಯಕಿ. ಆ ದಾರಿ ಕಾಲೇಜಿನ ಕಡೆ ತಿರುಗುವುದಿಲ್ಲ.

ಹಾಗಾದರೆ ಸೇತುವೆ ಇರಲೇ ಇಲ್ಲವೆ? ಇತ್ತು. 1963ರಲ್ಲಿ ತಿರುವನಂತಪುರದಲ್ಲಿ ಎರಡು ವರ್ಷದ ಬಿಎಸ್ಸಿ ಶುರುವಾಯಿತು. ಮೂರು ಮೂರೂವರೆ ವರ್ಷದ ಜಿಎನ್‌ಎಂ ಡಿಪ್ಲೊಮಾ ಮುಗಿಸಿದ ನರ್ಸುಗಳಿಗೆ ಅದು. ನಮ್ಮ ಕಡೆ ಪಿಸಿ ಬಿಎಸ್ಸಿ, ಪೋಸ್ಟ್ ಬೇಸಿಕ್ ಬಿಎಸ್ಸಿ ಅಂತ ಕರೆಯುವುದು ಇದನ್ನೇ. ಡಿಪ್ಲೊಮಾದವಳು ಕಲಿತದ್ದನ್ನು ಲೆಕ್ಕಕ್ಕೆ ಹಿಡಿದು ಉಳಿದದ್ದನ್ನು ಎರಡು ವರ್ಷದಲ್ಲಿ ಕಲಿಸುತ್ತಾರೆ. ನಿಜವಾದ ಸೇತುವೆ ಇದು, ಒಳ್ಳೆಯ ಸೇತುವೆ. ಆದರೆ ಅದು ಶುರುವಾಗುವುದೇ ಅರ್ಧ ಹೊಳೆ ದಾಟಿದವರಿಗೆ. ಈಚೆ ದಡದಲ್ಲಿ ನಿಂತ ಎಎನ್‌ಎಂ ಮೊದಲು ಜಿಎನ್‌ಎಂ ಆಗಬೇಕು.

ಈಗಿನ ಲೆಕ್ಕ ಹಾಕಿ ನೋಡೋಣ. ಪಿಯುಸಿಯಲ್ಲಿ ಸೈನ್ಸ್ ಓದಿದ ಪಟ್ಟಣದ ಹುಡುಗಿ ನೇರವಾಗಿ ಬಿಎಸ್ಸಿ ನರ್ಸಿಂಗ್ ಸೇರುತ್ತಾಳೆ, 4 ವರ್ಷಕ್ಕೆ ಪದವೀಧರೆ. ಆರ್ಟ್ಸ್ ಓದಿದ ಹಳ್ಳಿ ಹುಡುಗಿ ಎಎನ್‌ಎಂ ಸೇರಿದರೆ 2 ವರ್ಷ, ಆಮೇಲೆ ಜಿಎನ್‌ಎಂ 3 ವರ್ಷ, ಆಮೇಲೆ ಪಿಸಿ ಬಿಎಸ್ಸಿ 2 ವರ್ಷ, ಒಟ್ಟು 7. ನಡುವೆ ಹೊಟ್ಟೆಪಾಡಿಗೆ ದುಡಿದ ವರ್ಷಗಳು ಇದರಲ್ಲಿ ಸೇರಿಲ್ಲ. ನೋಂದಾಯಿತ ಎಎನ್‌ಎಂಗೆ ಜಿಎನ್‌ಎಂ ಸೇರಲು ಅವಕಾಶವೇನೋ ನಿಯಮದಲ್ಲಿದೆ. ಆದರೆ ಸೇರಬೇಕಾದ್ದು ಮೊದಲನೇ ವರ್ಷಕ್ಕೇ. ಅವಳು ಓದಿದ ಎರಡು ವರ್ಷವೂ ಸೊನ್ನೆ, ದುಡಿದ ಇಪ್ಪತ್ತು ವರ್ಷವೂ ಸೊನ್ನೆ. ಹಳೆಯ ಕಾಲದಲ್ಲಿ ಎಸ್‌ಎಸ್‌ಎಲ್‌ಸಿಗೇ ಎಎನ್‌ಎಂ ಸೇರಿದವಳಾದರೆ ಪಿಸಿ ಬಿಎಸ್ಸಿಯ ಬಾಗಿಲಲ್ಲಿ ಪಿಯುಸಿ ಎಲ್ಲಮ್ಮಾ ಅಂತ ಕೇಳುತ್ತಾರೆ.

ರೋಗಿಯ ಜೀವದ ಪ್ರಶ್ನೆ, ಓದು ಕಡಿಮೆ ಮಾಡಬಾರದು ಅನ್ನುವವರಿದ್ದಾರೆ. ನಮಗೂ ಗೊತ್ತು. ಸರ್ಕಾರಿ ಆಸ್ಪತ್ರೆಯ ಮಂಚದ ಮೇಲೆ ಮಲಗುವವರು ನಮ್ಮವರೇ, ಅವರಿಗೆ ಚೆನ್ನಾಗಿ ಕಲಿತ ನರ್ಸೇ ಬೇಕು. ಓದು ಕಡಿಮೆ ಮಾಡಿ ಎಂದು ನಾವು ಕೇಳುತ್ತಿಲ್ಲ. ಶಾಲೆ ಶುರುವಾದೊಡನೆ ಸೇತುಬಂಧ ನಡೆಸುವ ಮೇಷ್ಟ್ರುಗಳು ಈ ಪತ್ರಿಕೆ ಓದುತ್ತೀರಿ. ನೀವೇನು ಮಾಡುತ್ತೀರಿ? ಮಗುವಿಗೆ ಏನು ಬರುತ್ತೆ ಅಂತ ಮೊದಲು ಪರೀಕ್ಷೆ ಮಾಡಿ, ಬಾರದ್ದನ್ನು ಕಲಿಸಿ ಮುಂದಿನ ತರಗತಿಗೆ ಸಿದ್ಧ ಮಾಡುತ್ತೀರಿ. ಮೂರನೇ ಕ್ಲಾಸಿನ ಮಗುವನ್ನು ವರ್ಷವರ್ಷವೂ ಒಂದನೇ ಕ್ಲಾಸಿಗೆ ಕೂರಿಸುವುದಿಲ್ಲ. ಎಎನ್‌ಎಂಗೆ ಅಂಗರಚನೆ, ಔಷಧಶಾಸ್ತ್ರ, ದೊಡ್ಡ ಆಸ್ಪತ್ರೆಯ ವಾರ್ಡಿನ ಕೆಲಸ ಕಲಿಸಬೇಕು, ಖಂಡಿತ ಕಲಿಸಬೇಕು. ಹೆರಿಗೆ, ಲಸಿಕೆ, ಮನೆಭೇಟಿಯನ್ನು ಅವಳಿಗೆ ಮತ್ತೆ ಅಆಇಈಯಿಂದ ಯಾಕೆ?

ಅನುಭವವನ್ನು ಎಣಿಸಲು ಆಗುವುದಿಲ್ಲ ಅನ್ನುವ ಮಾತೂ ಸುಳ್ಳು. 1994ರಲ್ಲಿ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ ಕೆಲಸದಲ್ಲಿರುವ ನರ್ಸುಗಳಿಗೆ ಪೋಸ್ಟ್ ಬೇಸಿಕ್ ಬಿಎಸ್ಸಿ ಶುರುಮಾಡಿತು. ಪಿಯುಸಿ ಇದ್ದ ಜಿಎನ್‌ಎಂಗೆ ಎರಡು ವರ್ಷದ ಅನುಭವ ಕೇಳಿತು. ಬರೀ ಮೆಟ್ರಿಕ್ ಆಗಿ ಜಿಎನ್‌ಎಂ ಮುಗಿಸಿದ್ದವಳಿಗೆ ಐದು ವರ್ಷದ ಅನುಭವವಿದ್ದರೆ ಸಾಕು ಅಂದಿತು. ಪಿಯುಸಿಯ ಜಾಗದಲ್ಲಿ ದುಡಿಮೆಯನ್ನು ಇಟ್ಟು ತೂಗಿದ ನಿಯಮ ಅದು. ನಮಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಘನವಾಗಿ ಕಂಡದ್ದು ಈ ಒಂದು ಸಾಲು. ಅದೂ ಜಿಎನ್‌ಎಂವರೆಗೆ ಬಂದವರಿಗೆ ಮಾತ್ರ ಎಂಬುದೇ ಸಂಕಟ.

ಅದಕ್ಕೂ ಮೊದಲು, 1987ರಲ್ಲಿ, ಸರೋಜಿನಿ ವರದಪ್ಪನ್ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ನೇಮಕವಾಯಿತು. ನರ್ಸುಗಳ ಸಂಬಳ, ವಸತಿ, ಅವಮಾನಗಳನ್ನೆಲ್ಲ ನೋಡಿದ ಸಮಿತಿ. ಅದು ಮುಂದೆ ಎರಡೇ ಮಟ್ಟ ಇರಲಿ ಅಂದಿತು, ಡಿಗ್ರಿ ಓದಿದ ನರ್ಸ್ ಒಂದು, ಸಹಾಯಕ ನರ್ಸ್ ಒಂದು. ಡಿಪ್ಲೊಮಾದವರು ಉಳಿದುಬಿಡಬಾರದೆಂದು ಪಿಸಿ ಬಿಎಸ್ಸಿ ಮುಂದುವರಿಯಲಿ ಅಂದಿತು. ನಡುವಿನವರ ಬಗ್ಗೆ ಕಾಳಜಿ ಇತ್ತು. ಕೆಳಗಿನವಳು ಸಹಾಯಕಿಯಾಗಿಯೇ ಉಳಿದಳು.

ಆಮೇಲಿನ ಕಥೆ ನಮ್ಮ ಕಣ್ಣೆದುರಿನದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂತು. ಖಾಸಗಿ ನರ್ಸಿಂಗ್ ಕಾಲೇಜುಗಳು ಬೆಂಗಳೂರು, ಮಂಗಳೂರುಗಳಲ್ಲಿ ಅಣಬೆಯಂತೆ ಎದ್ದವು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಸಾಲ ಮಾಡಿ ಬಂದು ಓದಿದ ಹುಡುಗಿಯರ ಮೇಲೆ ನಮಗೆ ಸಿಟ್ಟಿಲ್ಲ, ಅವರದೂ ಬಡತನವೇ. ಆದರೆ ಸೀಟು ಹೆಚ್ಚಿದರೆ ದಾರಿ ತೆರೆದಂತೆ ಅಂತ ನಂಬಿಸಿದರಲ್ಲ, ಅದು ಮೋಸ. ಫೀಸು ಕಟ್ಟುವವರಿಗೆ ದಾರಿ ತೆರೆಯಿತು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂದಾಗ ಎಎನ್‌ಎಂಗಳನ್ನು ಗುತ್ತಿಗೆ ಮೇಲೆ ತೆಗೆದುಕೊಂಡರು, ಅವರ ಕೆಳಗೆ ಸಂಬಳವಿಲ್ಲದ, ಪ್ರೋತ್ಸಾಹಧನದ ಆಶಾ ಎಂಬ ಇನ್ನೊಂದು ಮೆಟ್ಟಿಲು ಕಟ್ಟಿದರು. ಏಣಿಗೆ ಕೆಳಗಡೆ ಮೆಟ್ಟಿಲು ಸೇರಿಸುವುದು ಎಷ್ಟು ಸಲೀಸು ನೋಡಿ! ಕೆಲವು ರಾಜ್ಯಗಳು ಆಶಾಗಳಿಗೆ ನರ್ಸಿಂಗ್ ಶಾಲೆಗಳಲ್ಲಿ ಸೀಟು ಮೀಸಲಿಟ್ಟವು, ಅದನ್ನು ಮೆಚ್ಚಬೇಕು. 2023ರಲ್ಲಿ 1947ರ ಕಾನೂನಿನ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಸೂಲಗಿತ್ತಿಯ ಹೆಸರು ಕಾನೂನಿನ ತಲೆಬರಹಕ್ಕೆ ಏರಿತು.

ನಮ್ಮ ಚಿಕ್ಕವ್ವ ಎಎನ್‌ಎಂ. ಕೊರೋನಾ ವರ್ಷದಲ್ಲಿ ಹೊಲಹೊಲ ತಿರುಗಿ ಸೂಜಿ ಹಾಕಿದವಳು. ಮುಂದೆ ಓದವ್ವಾ ಅಂದರೆ ನಗುತ್ತಾಳೆ. "ಓದೋಕೆ ಹೋದ್ರೆ ಸಂಬಳ ಯಾರು ಕೊಡ್ತಾರಪ್ಪ? ಪುಸ್ತಕ ಎಲ್ಲಾ ಇಂಗ್ಲೀಷು. ಬಿಪಿ ನೋಡೋಕೆ ಬರುತ್ತೆ ನಂಗೆ, ಅದನ್ನ ಇಂಗ್ಲೀಷಲ್ಲಿ ಬರಿ ಅಂದ್ರೆ ಎಲ್ಲಿಗೆ ಹೋಗ್ಲಿ?" ಅವಳ ಎರಡು ಮಾತಿನಲ್ಲಿ ಯಾವ ಸಮಿತಿಯ ವರದಿಗೂ ಕಮ್ಮಿಯಿಲ್ಲದ ವಿಷಯವಿದೆ. ಓದುವಾಗಲೂ ಸಂಬಳ ಬರಬೇಕು, ಗುತ್ತಿಗೆಯವಳಿಗೂ ಬರಬೇಕು. ಔಷಧಶಾಸ್ತ್ರವನ್ನು ಕನ್ನಡದಲ್ಲಿ ತಿಳಿಸಿ ಇಂಗ್ಲಿಷ್ ಹೆಸರುಗಳನ್ನು ಜೊತೆಜೊತೆಗೆ ಕಲಿಸುವ ಪುಸ್ತಕ ಬೇಕು. ಮೂರು ವರ್ಷದ ಜಿಎನ್‌ಎಂನಲ್ಲಿ ಅವಳ ಎರಡು ವರ್ಷದ ಓದನ್ನು ಎಷ್ಟೆಂದು ಹಿಡಿಯುತ್ತೀರಿ ಅಂತ ಕೌನ್ಸಿಲ್ಲು ಲೆಕ್ಕ ಕೊಡಬೇಕು.

ಜಿಎನ್‌ಎಂ ಸೇರುವ ನಿಯಮದಲ್ಲಿ ಒಂದು ಉದಾರವಾದ ಸಾಲಿದೆ. ಉಳಿದವರಿಗೆ 35 ವರ್ಷದ ಮಿತಿ, ಎಎನ್‌ಎಂ, ಎಲ್‌ಎಚ್‌ವಿಗಳಿಗೆ ವಯಸ್ಸಿನ ಮಿತಿ ಇಲ್ಲ. ನಲವತ್ತೈದರ ನರ್ಸಮ್ಮ ಬರಬಹುದು, ಯಾರೂ ತಡೆಯುವುದಿಲ್ಲ. ಬಂದರೆ ಹದಿನೇಳರ ಹುಡುಗಿಯರ ಪಕ್ಕದ ಬೆಂಚಿನಲ್ಲಿ ಕೂತು, ಅದರಲ್ಲಿ ಒಬ್ಬಿಬ್ಬರನ್ನು ತಾನೇ ಹೆರಿಗೆ ಮಾಡಿಸಿದ್ದರೂ, ಥರ್ಮಾಮೀಟರ್ ಹಿಡಿಯುವುದು ಹೇಗೆ ಎಂಬ ಮೊದಲ ಪಾಠದಿಂದ ಬರೆದುಕೊಳ್ಳಬೇಕು.