ಡರ್ಬಿಯ ಗುಲಾಬಿ

ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಇಂಗ್ಲೆಂಡಿನ ಸಿರಿವಂತರ ಭೋಜನಪೀಠವನ್ನು ಅಲಂಕರಿಸುತ್ತಿದ್ದ ಪಿಂಗಾಣಿಯು ಬಹುಮಟ್ಟಿಗೆ ಚೀನಾ ದೇಶದಿಂದ ಬಂದುದು. 1740ರಿಂದೀಚೆಗೆ ಚೆಲ್ಸಿ, ಬೋ, ವುಸ್ಟರ್, ಡರ್ಬಿ ಮೊದಲಾದೆಡೆಗಳಲ್ಲಿ ಸ್ವದೇಶದ ಕಾರ್ಖಾನೆಗಳು ತಲೆಯೆತ್ತಿದವು. ಅಲ್ಲಿಯ ಚಿತ್ರಕಾರರು ಮೊದಮೊದಲು ಚೀನಾದ ಮಾದರಿಗಳನ್ನೂ ಜರ್ಮನಿಯ ಮೈಸೆನ್ ಪಾತ್ರೆಗಳ ಹೂಗಳನ್ನೂ ಅನುಕರಿಸಿದರು. ಆ ಅನುಕರಣೆಯ ಬಿಗುವನ್ನು ಸಡಿಲಿಸಿ, ತೋಟದ ಹೂವನ್ನು ಅದರ ಸಹಜಕಾಂತಿಯೊಡನೆ ತಟ್ಟೆಯ ಮೇಲೆ ಅರಳಿಸಿದವರಲ್ಲಿ ವಿಲಿಯಂ ಬಿಲ್ಲಿಂಗ್ಸ್ಲಿಯು ಅಗ್ರಗಣ್ಯನು.

1758ರಲ್ಲಿ ಡರ್ಬಿಯಲ್ಲಿ ಜನಿಸಿದ ಈತನು 1774ರಲ್ಲಿ ವಿಲಿಯಂ ಡ್ಯೂಸ್‌ಬರಿಯ ಕಾರ್ಖಾನೆಯಲ್ಲಿ ಶಿಷ್ಯನಾಗಿ ಸೇರಿದನು. ಕಲಾವಿದರು ತಮ್ಮ ಕೃತಿಗಳಿಗೆ ಹೆಸರು ಹಾಕುವ ವಾಡಿಕೆ ಅಲ್ಲಿರಲಿಲ್ಲ. ಕಾರ್ಖಾನೆಗೆ ಅವರು ಅಂಕೆಗಳು. ಬಿಲ್ಲಿಂಗ್ಸ್ಲಿಯ ಅಂಕೆ 7.

ಪಿಂಗಾಣಿಯ ಮೇಲೆ ಚಿತ್ರ ಬರೆಯುವುದು ಕಾಗದದ ಮೇಲೆ ಬರೆದಷ್ಟು ಸುಲಭವಲ್ಲ. ಲೋಹಭಸ್ಮಗಳನ್ನು ಗಾಜಿನ ಪುಡಿಯೊಡನೆ ಅರೆದು, ಎಣ್ಣೆಯಲ್ಲಿ ಕಲಸಿ, ಪಾತ್ರೆಯ ಮೆರುಗಿನ ಮೇಲೆ ಹಚ್ಚಿ, ಮತ್ತೆ ಹದವಾದ ಉರಿಯಲ್ಲಿ ಸುಡಬೇಕು. ಗುಲಾಬಿಯ ನಸುಗೆಂಪು ಚಿನ್ನದಿಂದ ಸಿದ್ಧವಾಗುತ್ತಿತ್ತು. ಹಚ್ಚುವಾಗಿನ ಬಣ್ಣ ಒಂದು, ಆವಿಗೆಯಿಂದ ಹೊರಬಂದಾಗಿನದು ಇನ್ನೊಂದು. ಆದುದರಿಂದ ಕಲಾವಿದನು ಕಣ್ಣಿಗೆ ಕಾಣದ ವರ್ಣವನ್ನು ಮನಸ್ಸಿನಲ್ಲಿ ಕಂಡು ಕುಂಚವನ್ನು ಹಿಡಿಯಬೇಕು.

ಬೆಳಕು ಬೀಳಬೇಕಾದ ಎಡೆಯನ್ನು ಬರೆಯದೆ ಬಿಡುವುದು ಹಿಂದಿನವರ ಪದ್ಧತಿ. ಬಿಲ್ಲಿಂಗ್ಸ್ಲಿಯು ಎಸಳಿಗೆ ತುಂಬ ಬಣ್ಣವನ್ನು ಹಚ್ಚಿ, ಅದು ಆರುವುದಕ್ಕೆ ಮುನ್ನ ಒಣಕುಂಚದಿಂದ ಬೇಕಾದಲ್ಲಿ ಒರಸಿ ತೆಗೆಯುತ್ತಿದ್ದನು. ತೆಗೆದಲ್ಲಿ ಪಿಂಗಾಣಿಯ ಬಿಳುಪೇ ಬೆಳಕಾಗಿ ಹೊಳೆಯುತ್ತಿತ್ತು. ಎಸಳಿನ ಅಂಚು ಮೃದುವಾಗಿ ಮಡಿಸಿಕೊಳ್ಳುತ್ತಿತ್ತು. ಶಿಷ್ಯರು ನೋಡಿ ಕಲಿಯಲೆಂದು ಅವನು ಗುಲಾಬಿಗಳನ್ನು ಬರೆದ ತಟ್ಟೆಯೊಂದು ಡರ್ಬಿಯ ವಸ್ತುಸಂಗ್ರಹಾಲಯದಲ್ಲಿ ಉಳಿದುಬಂದಿದೆ.

ಇಂತಹವನನ್ನು ಕಳೆದುಕೊಂಡರೆ ನಷ್ಟವೆಂದು ಲಂಡನ್ನಿನ ಪ್ರತಿನಿಧಿಯಾದ ಜೋಸೆಫ್ ಲೈಗೋ ಯಜಮಾನನಿಗೆ ಎಚ್ಚರಿಕೆಯನ್ನು ಬರೆದನು. ಆದರೂ 1796ರ ಹೊತ್ತಿಗೆ ಬಿಲ್ಲಿಂಗ್ಸ್ಲಿಯು ಡರ್ಬಿಯನ್ನು ಬಿಟ್ಟು ಪಿಂಕ್ಸ್‌ಟನ್ನಿಗೆ ಹೊರಟುಹೋದನು. ಬಣ್ಣದ ಕೆಳಗಿನ ಬಿಳುಪನ್ನೇ ಬೆಳಕೆಂದು ಬಳಸಿದವನಿಗೆ ಆ ಬಿಳುಪನ್ನು ತಾನೇ ಸೃಷ್ಟಿಸಬೇಕೆಂಬ ಹಂಬಲ ಹಿಡಿದಿತ್ತು. ಊರಿಂದೂರಿಗೆ ಅಲೆದು, ಕಡೆಗೆ 1813ರಲ್ಲಿ ವೇಲ್ಸಿನ ನಾಂಟ್‌ಗಾರು ಎಂಬ ಗ್ರಾಮದಲ್ಲಿ ಆವಿಗೆಯನ್ನು ಹೂಡಿದನು. ಬೆಳಕಿಗೆ ಹಿಡಿದರೆ ಹಿಮದಂತೆ ತೋರುವ ಪಿಂಗಾಣಿ ಅವನಿಗೆ ಸಿದ್ಧಿಸಿತು. ಆದರೆ ಪಾತ್ರೆಗಳಲ್ಲಿ ಬಹುಪಾಲು ಉರಿಯಲ್ಲಿಯೇ ಸೊಟ್ಟಗಾಗಿ ಬಿರಿದು ಹಾಳಾದವು. ಕೈಯ ಹಣ ಕರಗಿತು. 1817ರಲ್ಲಿ ಇಬ್ಬರು ಪುತ್ರಿಯರೂ ತೀರಿಕೊಂಡರು.

ಉಳಿದ ಪಾತ್ರೆಗಳಲ್ಲಿ ಹಲವು ಚಿತ್ರವಿಲ್ಲದೆ ಬರಿಯ ಬಿಳಿಯವಾಗಿಯೇ ಲಂಡನ್ನಿಗೆ ಮಾರಾಟವಾದವು. ಜೀವಮಾನವೆಲ್ಲ ಅರಸಿ ಪಡೆದ ಆ ಬಿಳುಪಿನ ಮೇಲೆ ಅಲ್ಲಿಯ ಅನ್ಯರು ಹೂಗಳನ್ನು ಬರೆದರು. ಬಿಲ್ಲಿಂಗ್ಸ್ಲಿಯು ಕೋಲ್‌ಪೋರ್ಟಿನ ಕಾರ್ಖಾನೆಯಲ್ಲಿ ಮತ್ತೆ ಕೂಲಿಯ ಕೆಲಸಗಾರನಾಗಿ, 1828ರಲ್ಲಿ ಕಣ್ಮುಚ್ಚಿದನು. ಹೆಸರಿಲ್ಲದ ಅವನ ಗುಲಾಬಿಗಳನ್ನು ಬಲ್ಲವರು ಇಂದಿಗೂ ಒರಸಿದ ಎಸಳಿನ ಬೆಳಕಿನಿಂದ ಗುರುತಿಸುತ್ತಾರೆ.