ಸಾಲಿ ಕಲಿಸಿದ್ದು, ಮಕ್ಕಳು ಕಲಿತಿದ್ದು

ನವೆಂಬರ್ ಬಂತಂದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಊಟದ ಹೊತ್ತಿಗೆ ಒಂದೇ ಮಾತು: ಮಗುವಿಗೆ ಯಾವ ಸ್ಕೂಲು, ಯಾವ ಬೋರ್ಡು? ಕೋಡಿಂಗ್ ಎಷ್ಟನೇ ಕ್ಲಾಸಿಂದ ಶುರು, ಎರಡನೇ ಭಾಷೆ ಹಿಂದಿಯೋ ಫ್ರೆಂಚೋ, ಬಸ್ಸಿನ ಫೀಜು ಎಷ್ಟು. ಸಿಲಬಸ್ ಸರಿಯಾಗಿ ಆರಿಸಿದರೆ ಮಗು ಏನಾಗುತ್ತೆ ಅನ್ನೋದನ್ನೂ ನಾವೇ ಆರಿಸಿದ ಹಾಗೆ ಅಂತ ಎಲ್ಲರೂ ನಂಬಿದ್ದೇವೆ. ಈ ನಂಬಿಕೆ ನಮಗಿಂತ ಗಟ್ಟಿಯಾಗಿದ್ದ ಒಂದಿಷ್ಟು ಜನ ಸುಮಾರು 190 ವರ್ಷದ ಹಿಂದೆ ನಮ್ಮ ಕಡೆಗೆ ಬಂದಿದ್ದರು. ಅವರು ತೆರೆದ ಸಾಲಿಗಳಲ್ಲಿ ಏನು ಕಲಿಸಿದರು, ಮಕ್ಕಳು ಅಲ್ಲಿಂದ ಏನು ತಗೊಂಡು ಹೋದರು ಅನ್ನೋ ಕತೆ ಈ ಅಡ್ಮಿಷನ್ ಕಾಲದಲ್ಲಿ ಓದೋದಕ್ಕೆ ಚೆನ್ನಾಗಿದೆ.

ಅವರು ಬಾಸೆಲ್ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಇದು. ಮೊದಲ ಮೂವರು, ಅಂದ್ರೆ ಹೆಬಿಕ್, ಲೇನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, ಹೀಗೆ ಘಟ್ಟದ ಮೇಲೂ ಒಂದೊಂದೇ ಠಾಣೆ ಎದ್ದವು. ಸಂಸ್ಥೆಯಲ್ಲಿ ಲೂಥರ್ ಪಂಥದವರೂ ಇದ್ದರು, ರಿಫಾರ್ಮ್ಡ್ ಪಂಥದವರೂ ಇದ್ದರು. ಆದರೆ ಇಲ್ಲಿಗೆ ಬಂದ ಬಹುಪಾಲು ಪಾದ್ರಿಗಳು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು, ಲೂಥರನ ಸಂಪ್ರದಾಯದಲ್ಲಿ ಬೆಳೆದವರು. ಲೂಥರನ್ ಶಾಲೆ ಅಂತ ನಮ್ಮ ಸೀಮೆ ಕಂಡಿದ್ದಕ್ಕೆ ಹತ್ತಿರದ್ದು ಇವರದೇ.

ನಕ್ಷೆ ತೆಗೆದು ನೋಡಿದರೆ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ನಡುವೆ ಕೂತಿವೆ. ಪಶ್ಚಿಮಕ್ಕೆ ಬೆಳಗಾವಿಯಲ್ಲಿ 1820ರಿಂದಲೇ ಲಂಡನ್ ಮಿಷನ್ನಿನವರು. ದಕ್ಷಿಣಕ್ಕೆ ಧಾರವಾಡದಲ್ಲಿ ಬಾಸೆಲ್ಲಿನವರು. ಕಿತ್ತೂರಿನಿಂದ ಧಾರವಾಡಕ್ಕೆ ಮೂವತ್ತು ಕಿಲೋಮೀಟರೇ. ಇವರ ದೊಡ್ಡ ಠಾಣೆ ಯಾವುದೂ ನಮ್ಮ ನಾಲ್ಕು ಊರಲ್ಲಿ ಇರಲಿಲ್ಲ. ಆದರೂ ಅಲ್ಲಿ ಎದ್ದ ಪ್ರಶ್ನೆಗಳು ಇಲ್ಲಿಯ ಸಾಲಿಗಳ ತನಕ ಬಂದವು.

ಇಷ್ಟಕ್ಕೂ ಪಾದ್ರಿಗಳಿಗೆ ಸಾಲಿಯ ಹುಚ್ಚು ಯಾಕೆ? ಉತ್ತರ ಲೂಥರನಲ್ಲೇ ಇದೆ. ಪ್ರತಿಯೊಬ್ಬನೂ ಬೈಬಲ್ಲನ್ನು ತಾನೇ ಓದಬೇಕು, ಅದೂ ತನ್ನ ಮನೆಮಾತಿನಲ್ಲಿ ಓದಬೇಕು ಅನ್ನೋದು ಅವನ ಹಟ. ಅದಕ್ಕೇ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ನಿಗೆ ತಂದ. ಆದರೆ ಪುಸ್ತಕ ಇದ್ದರೆ ಸಾಲದಲ್ಲ, ಓದೋರು ಬೇಕು. 1524ರಲ್ಲಿ ಜರ್ಮನಿಯ ನಗರಸಭೆಗಳಿಗೆ ಪತ್ರ ಬರೆದ: ಬಂದೂಕು, ರಸ್ತೆ, ಸೇತುವೆಗೆ ವರ್ಷವರ್ಷ ಇಷ್ಟು ಸುರಿಯುತ್ತೀರಲ್ಲ, ಸಾಲಿಗೆ ಯಾಕೆ ಕೊಡಬಾರದು? ಗಂಡುಮಕ್ಕಳು ದಿನಕ್ಕೆ ಒಂದೆರಡು ತಾಸು ಕಲಿತು ಉಳಿದ ಹೊತ್ತು ಮನೆಯಲ್ಲಿ ಕಸುಬು ಕಲೀಲಿ, ಹೆಣ್ಣುಮಕ್ಕಳಿಗೂ ಒಂದು ತಾಸು ಬಿಡುವು ಸಿಕ್ಕೇ ಸಿಗುತ್ತೆ ಅಂದ. ಐನೂರು ವರ್ಷದ ಹಿಂದಿನ ಬಜೆಟ್ ಚರ್ಚೆ ಇದು. ಸದನದಲ್ಲಿ ಇವತ್ತೂ ಓದಬಹುದು.

1529ರಲ್ಲಿ ಅವನು ಒಂದು ಪುಟ್ಟ ಪ್ರಶ್ನೋತ್ತರ ಪುಸ್ತಕ ಬರೆದ. ಹತ್ತು ಆಜ್ಞೆ, ವಿಶ್ವಾಸದ ಮಾತು, ಪ್ರಾರ್ಥನೆ. ಒಂದೊಂದು ವಾಕ್ಯ ಹೇಳಿದ ಮೇಲೂ ಮಗುವಿಗೆ ಒಂದೇ ಪ್ರಶ್ನೆ: ಇದರ ಅರ್ಥವೇನು? ಲೂಥರನ್ ಶಾಲೆಗಳಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳು ಶತಮಾನಗಟ್ಟಲೆ ಇದನ್ನೇ ಬಾಯಿಪಾಠ ಮಾಡಿದ್ದಾರೆ. ತಮಾಷೆ ಅಂದ್ರೆ ಪ್ರಶ್ನೆಯ ಕೆಳಗೇ ಉತ್ತರವೂ ಅಚ್ಚಾಗಿತ್ತು. ಅರ್ಥ ಹೇಳು ಅಂತ ಕೇಳಿ ಅರ್ಥವನ್ನೂ ಉರು ಹೊಡೆಸೋದು! ಪರೀಕ್ಷೆಗೆ ಗೈಡ್ ಓದಿದ ನಮಗೆ ಈ ಪದ್ಧತಿ ಹೊಸದೇನಲ್ಲ. ಆದರೂ ಮಗುವನ್ನು ಎದುರಿಗೆ ನಿಲ್ಲಿಸಿ, ಅದರದೇ ಮಾತಿನಲ್ಲಿ ಅರ್ಥ ಕೇಳಬೇಕು ಅನ್ನೋ ರೂಢಿ ಬಿತ್ತು ನೋಡಿ, ಅದು ಸಣ್ಣದಲ್ಲ.

ನಮ್ಮಲ್ಲಿ ಅದಕ್ಕೂ ಮೊದಲು ಸಾಲಿ ಇರಲಿಲ್ಲ ಅಂತಲ್ಲ. ಊರ ಮಠದಲ್ಲೋ ಗುಡಿಯ ಪೌಳಿಯಲ್ಲೋ ಐಗಳ ಸಾಲಿ ನಡೀತಿತ್ತು. ಸಾಲಿಮಠ ಅನ್ನೋ ಅಡ್ಡಹೆಸರು ಇವತ್ತಿಗೂ ನಮ್ಮ ಕಡೆ ಊರೂರಲ್ಲಿ ಸಿಗುತ್ತೆ. ಉಸುಕಿನ ಮೇಲೆ ಬೆರಳಿಂದ ಅಕ್ಷರ ತೀಡೋದು, ಕಾಲು-ಅರೆ-ಮುಕ್ಕಾಲು ಮಗ್ಗಿ, ಓಲೆ ಕಾಗದ ಓದೋದು, ಲೆಕ್ಕ ಬರೆಯೋದು. ಅಂಗಡಿ ಇಡೋನಿಗೆ, ಶಾನಭೋಗಿಕೆ ಮಾಡೋನಿಗೆ ಅಷ್ಟು ಸಾಕಿತ್ತು. ಉಳಿದವರಿಗೆ ಅಕ್ಷರ ಯಾಕೆ ಅಂತ ಕೇಳೋರೇ ಇರಲಿಲ್ಲ.

ಮಿಷನ್ ಸಾಲಿಯ ಮೇಲಿನ ತರಗತಿಗಳಲ್ಲಿ ಓದು, ಬರಹ, ಲೆಕ್ಕದ ಜೊತೆ ಬೈಬಲ್ ಕತೆ, ಭೂಗೋಲ, ಹಾಡು ಸೇರಿದವು. ಹೆಣ್ಣುಮಕ್ಕಳಿಗೆ ಹೊಲಿಗೆ. ಗುರಿ ಏನು ಅನ್ನೋದನ್ನು ಪಾದ್ರಿಗಳು ಮುಚ್ಚಿಡಲಿಲ್ಲ. ನಮ್ಮ ದೇವರುಗಳು ಸುಳ್ಳು, ಈ ಮಕ್ಕಳು ಕ್ರೈಸ್ತರಾಗಬೇಕು ಅಷ್ಟೇ. ಊರವರೂ ದಡ್ಡರಲ್ಲ, ಇದು ಅವರಿಗೂ ಗೊತ್ತಿತ್ತು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಅವರ ಜೊತೆಯ ಸಾರಸ್ವತ ಹುಡುಗರು ಕ್ರೈಸ್ತರಾದಾಗ ಊರೇ ಸಿಡಿದೆದ್ದಿತು, ಮನೆಮನೆಯವರು ಮಕ್ಕಳನ್ನು ಮಿಷನ್ ಶಾಲೆ ಬಿಡಿಸಿದರು. ಆದರೂ ಬರಬರುತ್ತಾ ಮಕ್ಕಳು ಮತ್ತೆ ಬಂದರು. ಬೈಬಲ್ ಪಾಠ ಕೇಳಿದರು, ಹಾಡು ಹೇಳಿದರು, ಲೆಕ್ಕ, ಭೂಗೋಲ, ಇಂಗ್ಲಿಷು ಕಲಿತರು, ಸಂಜೆ ಮನೆಗೆ ಹೋಗಿ ವಿಭೂತಿ ಹಚ್ಚಿಕೊಂಡರು. ಧರ್ಮ ಬಿಟ್ಟವರು ಕೆಲವರು. ಅಕ್ಷರ ತಗೊಂಡವರು ಬಹಳ ಜನ.

ಕಲಿಸೋದಕ್ಕೆ ಬಂದವರೂ ಕಲಿಯಬೇಕಾಯ್ತು. ಕನ್ನಡದಲ್ಲಿ ಪಾಠ ಮಾಡಬೇಕಂದ್ರೆ ಕನ್ನಡ ಬರಬೇಕಲ್ಲ? ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ. ಆಮೇಲೆ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದ. ಯಾವ ನಂಬಿಕೆಯನ್ನು ಅಳಿಸೋದಕ್ಕೆ ಬಂದಿದ್ದನೋ ಅದರ ಪುಸ್ತಕಗಳನ್ನೇ ಉಳಿಸಿಟ್ಟ. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಧಾರವಾಡ, ಹುಬ್ಬಳ್ಳಿಗಳಲ್ಲೂ ಇದ್ದು ಶಬ್ದ ಕೂಡಿಸಿದ. ಸುಮಾರು 70,000 ಶಬ್ದಗಳ ಅವನ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಬಂತು. ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಕೂಡಿಸಿದ ‘ಕನ್ನಡ ಪದ್ಯಪುಸ್ತಕ’ಗಳು ಅಚ್ಚಾಗಿದ್ದೂ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ.

ಕರಾವಳಿಯಲ್ಲಿ ಕನ್ನಡ ಶಾಲೆ ಅಂದ್ರೆ ಸಹಜ ಮಾತು. ಮುಂಬಯಿ ಇಲಾಖೆಗೆ ಸೇರಿದ ನಮ್ಮ ಭಾಗದಲ್ಲಿ ಹಾಗಿರಲಿಲ್ಲ. 1818ರಲ್ಲಿ ಪೇಶ್ವೆ ರಾಜ್ಯ ಮುಳುಗಿದ ಮೇಲೆ ಇಂಗ್ಲಿಷರು ಈ ಸೀಮೆಯನ್ನು ದಕ್ಷಿಣ ಮರಾಠಾ ದೇಶ ಅಂತಲೇ ಕರೆದರು. ಕಚೇರಿ ಮರಾಠಿ, ಮಾಸ್ತರ ಮರಾಠಿ, ಸರಕಾರಿ ಸಾಲಿಯ ಪುಸ್ತಕವೂ ಮರಾಠಿ. ರಾಮದುರ್ಗದಲ್ಲಂತೂ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಮನೆಯಲ್ಲಿ, ಹೊಲದಲ್ಲಿ, ಎಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕನ್ನಡ ಆಡೋ ಹುಡುಗ ಸಾಲಿಯಲ್ಲಿ ಮರಾಠಿ ಓದಬೇಕು. ‘ಇದರ ಅರ್ಥವೇನು’ ಅಂತ ಅವನನ್ನು ಕೇಳಿದರೆ ಏನಂತಾನೆ?

ಈ ಪ್ರಶ್ನೆ ಒಬ್ಬ ಸರಕಾರಿ ಅಧಿಕಾರಿಗೂ ಹೊಳೆಯಿತು, ಮತ್ತು ಅವನ ಹೆಸರು ಕಿತ್ತೂರಿನ ಇತಿಹಾಸದಲ್ಲೂ ಇದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷರಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಕೋಟೆಯೊಳಗೆ ಒತ್ತೆಯಾಗಿದ್ದ ಈ ತರುಣನೇ ಮುಂದೆ ಧಾರವಾಡದಲ್ಲಿ ಸ್ವಂತ ಖರ್ಚಿನಲ್ಲಿ ಕನ್ನಡ ಸಾಲಿ ತೆರೆದ. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅವಳ ರಾಜ್ಯ ನುಂಗಿದ ಸರಕಾರದ ಮನುಷ್ಯ ಅವಳ ಜನರ ಮಾತಿಗೆ ಸಾಲಿ ಕಟ್ಟಿಸಿದ್ದನ್ನು ಉಪಕಾರ ಅನ್ನಬೇಕೋ ಏನೋ, ಇತಿಹಾಸ ನಮ್ಮ ಅನುಕೂಲಕ್ಕೆ ತಕ್ಕಂತೆ ನಡೆಯೋದಿಲ್ಲ. ಅವನ ನಂತರ ಎಜುಕೇಶನ್ ಇನ್‌ಸ್ಪೆಕ್ಟರ್ ರಸೆಲ್ ಮತ್ತು ನಮ್ಮವರೇ ಆದ ಡೆಪ್ಯುಟಿ ಚನ್ನಬಸಪ್ಪ ಆ ಕೆಲಸವನ್ನು ಜಿಲ್ಲೆಜಿಲ್ಲೆಗೆ ಒಯ್ದರು. ಚನ್ನಬಸಪ್ಪನವರು ಕನ್ನಡ ಸಾಲಿ ತೆಗೆಸಿದರು, ಕನ್ನಡದಲ್ಲಿ ಕಲಿಸೋ ಮಾಸ್ತರರನ್ನು ತಯಾರು ಮಾಡಿದರು. ಸರಕಾರಿ ಕನ್ನಡ ಸಾಲಿ ನಮ್ಮ ಹಳ್ಳಿಗಳಿಗೆ ಬಂದಿದ್ದು ಹೀಗೆ. ಏಳನೇ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಸಾಕು, ರೈತನ ಮಗ ತಾನೇ ಮಾಸ್ತರ ಆಗಬಹುದಿತ್ತು.

ಭಾಷೆಯ ಪ್ರಶ್ನೆ ಅಂತೂ ದಾರಿಗೆ ಬಂತು. ಅದಕ್ಕಿಂತ ಕಠಿಣ ಪ್ರಶ್ನೆ ಬೆಂಚಿನದು. ಪಕ್ಕದಲ್ಲಿ ಯಾರು ಕೂರಬೇಕು?

1856ರ ಜೂನ್‌ನಲ್ಲಿ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ ಹುಡುಗ ಅರ್ಜಿ ಕೊಟ್ಟ. ಶಾಲೆ ಒಲ್ಲೆ ಅಂತು. ಹುಡುಗ ಬಿಡಲಿಲ್ಲ, ಮುಂಬಯಿ ಸರಕಾರಕ್ಕೇ ದೂರು ಹೋಯ್ತು. ಸರಕಾರದ ಉತ್ತರ ಓದಿದರೆ ಇವತ್ತಿನ ಯಾವುದೋ ಮ್ಯಾನೇಜ್‌ಮೆಂಟಿನ ಮಾತು ಕೇಳಿದ ಹಾಗಾಗುತ್ತೆ. ನ್ಯಾಯ ಹುಡುಗನ ಕಡೆಗೇ ಇದೆ, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಬಿಟ್ಟು ಹೋಗ್ತಾರೆ, ಶಾಲೆಯೇ ಯಾರಿಗೂ ಉಪಯೋಗಕ್ಕೆ ಬರೋದಿಲ್ಲ, ಆದ್ದರಿಂದ ಈಗ ಆಗೋದಿಲ್ಲ. ವಿಷಯ ಕಲ್ಕತ್ತಾಕ್ಕೆ ಹೋಯ್ತು, ಲಂಡನ್ನಿಗೆ ಹೋಯ್ತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಬರೆದಿದ್ದು ಕಾಗದದ ಮೇಲೆ ಉಳೀತು. ಎಪ್ಪತ್ತು ವರ್ಷದ ಮೇಲೆ, 1928ರಲ್ಲಿ, ಅಂಬೇಡ್ಕರರು ಸೈಮನ್ ಕಮಿಷನ್ನಿಗೆ ಕೊಟ್ಟ ಹೇಳಿಕೆಯಲ್ಲಿ ಧಾರವಾಡದ ಈ ಹುಡುಗನನ್ನು ನೆನಪಿಸಬೇಕಾಯ್ತು. ಸ್ವತಃ ಅವರೇ ಸಾತಾರೆಯಲ್ಲಿ ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂತು ಓದಿದವರು.

ಮಿಷನ್ನಿನವರು ಬೆಂಚಿನ ವಿಷಯದಲ್ಲಿ ಸರಕಾರಕ್ಕಿಂತ ಗಟ್ಟಿ ನಿಂತರು. ಜಾತಿ ನೋಡೋದಿಲ್ಲ ಅನ್ನೋದು ಅವರಿಗೆ ಧರ್ಮದ ಮಾತು. ಅವರೂ ಸೋತಿದ್ದುಂಟು: ಕೆಳಜಾತಿಯ ಮಗು ಒಳಗೆ ಬಂದರೆ ಮೇಲ್ಜಾತಿಯ ಮಕ್ಕಳು ಹೊರಗೆ ಹೋಗೋದು ಅವರ ಶಾಲೆಗಳಿಗೂ ತಪ್ಪಲಿಲ್ಲ. ಆದರೆ ಅಂಥ ಶಾಲೆಯಲ್ಲಿ ಉಳಿದು ಓದಿದ ಮಗು ಪ್ರಶ್ನೋತ್ತರ ಮರೆತಿರಬಹುದು, ಪಕ್ಕದಲ್ಲಿ ಕೂತವನನ್ನು ಮರೆತಿರಲಾರದು. ಅದು ಯಾವ ಸಿಲಬಸ್ಸಿನಲ್ಲೂ ಬರೆದಿರಲಿಲ್ಲ.

ಹೊರಗಿನವರು ಮಾಡೋದನ್ನು ಕಂಡ ನಮ್ಮವರೂ ಸುಮ್ಮನೆ ಕೂರಲಿಲ್ಲ. ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳೋ ಮುಂಚೆ ತಮ್ಮ ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟರು. ಅದರ ಸಹಾಯದಿಂದ ಓದಿದ ಹಳ್ಳಿ ಹುಡುಗರು ಎಷ್ಟೋ. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಕೂಡಿ ಕೆಎಲ್‌ಇ ಸಂಸ್ಥೆ ಕಟ್ಟಿದರು. ಹೈಸ್ಕೂಲಿನಿಂದಲೇ ಅದರ ಆರಂಭ. ಮಠ, ಮಿಷನ್, ಸರಕಾರ, ಸಮುದಾಯ, ನಾಲ್ಕೂ ಕಡೆಯಿಂದ ಅಕ್ಷರ ಬಂದ ಸೀಮೆ ನಮ್ಮದು.

ನಾನು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಕನ್ನಡ ಸಾಲಿಯಲ್ಲಿ ಏಳನೆತ್ತೆವರೆಗೆ ಓದಿದವನು. ಮೇಲೆ ಮಂಗಳೂರು ಹಂಚು. ಆ ಹಂಚಿನ ಕಾರ್ಖಾನೆಯನ್ನು 1865ರಲ್ಲಿ ಮೊದಲು ಹಾಕಿದ್ದೂ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಕೆಳಗೆ ಪಾಟೀಲರ ಮಗ, ಕೇರಿಯ ಹುಡುಗ, ಮುಲ್ಲಾನ ಮಗಳು ಒಂದೇ ಪಟ್ಟಿಯ ಮೇಲೆ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಅಂತ ಹೇಳೋದಕ್ಕೆ ಬೇಕಾದ ಭಾಷೆ ನಮ್ಮ ಬಾಯಲ್ಲೇ ಇತ್ತು. ಇಂಗ್ಲಿಷು ಆಮೇಲೆ ಬಂತು, ಪ್ರೋಗ್ರಾಮಿಂಗ್ ಇನ್ನೂ ಆಮೇಲೆ ಬಂತು. ಎರಡೂ ಕಲಿತದ್ದು ಆ ಅಭ್ಯಾಸದ ಮೇಲೇ: ಇದರ ಅರ್ಥವೇನು ಅಂತ ಕೇಳೋದು.

ಈಗ ಅದೇ ಹಳ್ಳಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಹಳದಿ ಬಸ್ಸು ಬರುತ್ತೆ. ಫೀಜು ಕಟ್ಟೋಕೆ ಆಗೋರ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಊರ ಹೊರಗಿನ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತೆ. ಕೇರಿಯ ಮಕ್ಕಳು, ಕೂಲಿಯವರ ಮಕ್ಕಳು ಸರಕಾರಿ ಸಾಲಿಗೆ ನಡೆದು ಹೋಗ್ತಾರೆ. ಅವರಿಗೆ ಯಾರೂ ಪ್ರವೇಶ ಇಲ್ಲ ಅಂದಿಲ್ಲ. 1856ರಲ್ಲಿ ಮುಂಬಯಿ ಸರಕಾರ ಹೆದರಿತ್ತಲ್ಲ, ಉಳಿದವರು ಎದ್ದು ಹೋಗ್ತಾರೆ ಅಂತ, ಅವರು ಈಗ ಜಗಳವಿಲ್ಲದೆ ಬಸ್ಸು ಹತ್ತಿದ್ದಾರೆ. ಬೆಂಗಳೂರಿನಲ್ಲಿ ನಾವೂ ಹತ್ತಿಸಿದ್ದೇವೆ. ಸ್ಕೂಲ್ ನೋಡೋಕೆ ಹೋದಾಗ ಲ್ಯಾಬು, ಈಜುಕೊಳ ನೋಡಿ ಬನ್ನಿ, ತಪ್ಪಿಲ್ಲ. ಹಾಗೇ ಕ್ಲಾಸಿನ ಬಾಗಿಲಲ್ಲಿ ಒಂದು ನಿಮಿಷ ನಿಂತು, ನಿಮ್ಮ ಮಗುವಿನ ಪಕ್ಕ ಯಾರು ಯಾರ ಮಕ್ಕಳು ಕೂರ್ತಾರೆ, ಅದು ಡೌಟು ಕೇಳೋದು ಯಾವ ಭಾಷೆಯಲ್ಲಿ ಅನ್ನೋದನ್ನೂ ನೋಡಿ ಬನ್ನಿ.